42 ಮನೆ, 17ರ ತೇರು

42ರಲ್ಲಿ 17 ಕಳೆದು ನನ್ನ ದೊಡ್ಡ ಮಗಳು 35 ಎಂದು ಬರೆದಳು. ಅವಳಿಗೆ ಆಗ ಎಂಟು ವರ್ಷ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಯಾರೋ ಎಂದೋ ಹೇಳಿದ್ದನ್ನು ಬಿಡಿಸ್ಥಾನಕ್ಕೂ ಹತ್ತರ ಸ್ಥಾನಕ್ಕೂ ಅವಳು ನಿಷ್ಠೆಯಿಂದ ಅನ್ವಯಿಸಿದ್ದಳು. ಈ ವಯಸ್ಸಿನ ಬಹಳ ಮಕ್ಕಳು ಮಾಡುವ ತಪ್ಪೇ ಇದು. ನನ್ನನ್ನು ಕಂಗೆಡಿಸಿದ್ದು ಆಮೇಲೆ ನಡೆದದ್ದು. ತಪ್ಪು ಎಂದೊಡನೆ ಅವಳು ಅಳಿಸಿ 25 ಎಂದು ಬರೆದಳು. ಅದು ಸರಿಯಾಗಿತ್ತು. ನಾನು ಒಂದು ಕ್ಷಣ ಸುಮ್ಮನಿದ್ದೆ. ಅಷ್ಟಕ್ಕೇ ಅದನ್ನೂ ಅಳಿಸಿ 15 ಎಂದು ಬರೆದಳು. ಉತ್ತರವನ್ನು ಮಗು ನನ್ನ ಮುಖದಲ್ಲಿ ಹುಡುಕುತ್ತಿತ್ತು.

ಇದು 2024ರ ಜೂನ್ ತಿಂಗಳ ಮಾತು. ಅಲ್ಲಿಂದ ಮುಂದೆ ಎಂಟು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಒಂದೇ ಮನೆ, ಇಬ್ಬರು ಹೆಣ್ಣುಮಕ್ಕಳು, ಕಸೂತಿಯಲ್ಲಿ ತೇರು ಹೊಲಿದ ಒಂದು ತುಂಡು ಬಟ್ಟೆ. ಇದರಿಂದ ಎಲ್ಲ ಮಕ್ಕಳಿಗೂ ಒಗ್ಗುವ ನಿಯಮ ಹೊರಡುವುದಿಲ್ಲ. ಆದರೆ ಮಕ್ಕಳನ್ನು ಮನೆಯಲ್ಲೇ ಓದಿಸುವ ತಾಯಂದಿರು ಕೈಗೆಲಸದ ಬಗ್ಗೆ ಕೇಳಿದಾಗಲೆಲ್ಲ ನಾನು ಈ ತೇರಿನ ಕಥೆಯನ್ನೇ ಹೇಳುತ್ತೇನೆ, ಮತ್ತು ಪ್ರತಿಸಲವೂ ಅರ್ಧ ಹೇಳಿ ಬಿಟ್ಟಿರುತ್ತೇನೆ.

ಮನೆಯ ಸ್ಥಿತಿ

ನಾವಿರುವುದು ಧಾರವಾಡದಲ್ಲಿ. ಮನೆಯಲ್ಲಿ ನಾವಿಬ್ಬರು, ಅತ್ತೆಯವರು, ಎಂಟು ವರ್ಷದ ದೊಡ್ಡವಳು, ನಾಲ್ಕೂವರೆ ವರ್ಷದ ಸಣ್ಣವಳು. ದೊಡ್ಡವಳು ಎರಡನೇ ತರಗತಿಯವರೆಗೆ ಶಾಲೆಗೆ ಹೋಗಿದ್ದಾಳೆ. ಓದುವುದು ಅವಳಿಗೆ ತಡವಾಗಿ ಬಂತು. ತರಗತಿ ಅವಳಿಗಾಗಿ ಕಾಯಲಿಲ್ಲ, ಕಾಯುವ ಸ್ಥಿತಿಯಲ್ಲಿ ಆ ಶಿಕ್ಷಕಿಯೂ ಇರಲಿಲ್ಲ. ಪ್ರತಿ ಸೋಮವಾರ ಹೊಟ್ಟೆನೋವು ಶುರುವಾಯಿತು. 2023ರ ದಸರಾ ರಜೆ ಮುಗಿದ ಮೇಲೆ ನಾವು ಅವಳನ್ನು ಕಳುಹಿಸಲಿಲ್ಲ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ ಹತ್ತನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನು ಹೇಳುವುದಿಲ್ಲ. ಮನೆಯಲ್ಲಿ ಓದಿಸುವುದರ ಹೆಸರನ್ನೂ ಎತ್ತುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲ ಶಿಕ್ಷಣ ಕಾರ್ಯಕ್ರಮದಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳಿದ್ದು, ಅವು ಮೂರು, ಐದು ಮತ್ತು ಎಂಟನೇ ತರಗತಿಗೆ ಸಮಾನ. ಹದಿನಾಲ್ಕು ತುಂಬಿದ ಮೇಲೆ ಹತ್ತನೆಯದನ್ನು ಅಲ್ಲಿಂದಲೇ ಬರೆಯಬಹುದು. ನಾವು ನೆಚ್ಚಿಕೊಂಡಿರುವುದು ಈ ದಾರಿಯನ್ನು. ವರ್ಗಾವಣೆ ಪತ್ರ, ಅಂಕಪಟ್ಟಿ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅವಳು ನಾಳೆ ಶಾಲೆಗೆ ಹೋಗುತ್ತೇನೆ ಎಂದರೆ ಬಾಗಿಲು ತೆರೆದಿರಬೇಕು.

ದಿನ ಶುರುವಾಗುವುದು ರೊಟ್ಟಿಯಿಂದ. ನಾನು ಬಡಿಯುವಾಗ ಸಣ್ಣವಳಿಗೂ ಒಂದು ಹಿಡಿ ಜೋಳದ ಹಿಟ್ಟು ಬೇಕು. ಅಂಗೈಯಗಲದ ಅವಳ ರೊಟ್ಟಿ ಹಂಚಿನ ಒಂದು ಮೂಲೆಯಲ್ಲಿ ಬೇಯಬೇಕು. ಹತ್ತರಿಂದ ಹನ್ನೆರಡರವರೆಗೆ ಓದು, ಬರಹ, ಲೆಕ್ಕ. ಮಧ್ಯಾಹ್ನ ಕೈಗೆಲಸ. ಸಂಜೆ ಓಣಿಯ ಮಕ್ಕಳು ಶಾಲೆಯಿಂದ ಬಂದೊಡನೆ ಇಬ್ಬರೂ ಮನೆಯಲ್ಲಿ ನಿಲ್ಲುವುದಿಲ್ಲ. ಮಳೆ ಹೊಳವು ಕೊಟ್ಟ ದಿನ ಸಾಧನಕೇರಿಯ ಕೆರೆಯವರೆಗೆ ನಡೆದು ಬರುತ್ತೇವೆ.

ಉತ್ತರ ಕರ್ನಾಟಕದ ಮಳೆಗಾಲವೇ ಮಕ್ಕಳ ಕೈಗೆ ಮಣ್ಣು ಕೊಡುವ ಕಾಲ. ಜ್ಯೇಷ್ಠ ಮುಗಿಯುವ ದಿನ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನ ಪೂಜೆ. ಆ ವರ್ಷ ಅಮಾವಾಸ್ಯೆಗೆ ಇಬ್ಬರೂ ಸೇರಿ ಒಂದು ಜೊತೆ ಎತ್ತು ಮಾಡಿ, ಕಣ್ಣಿಗೆ ಜೋಳದ ಕಾಳು ಒತ್ತಿದರು. ಒಂದು ಎತ್ತಿನ ಕೋಡು ಮುರಿಯಿತು. ದೊಡ್ಡವಳು ಅದನ್ನು ತಿರುಗಿಸಿ ನೋಡಿ, ಮಣ್ಣು ಹೆಚ್ಚು ಒಣಗಿತ್ತು ಎಂದು ತಾನೇ ಹೇಳಿಕೊಂಡು, ನೀರು ಮುಟ್ಟಿಸಿ ಹೊಸ ಕೋಡು ಕೂರಿಸಿದಳು. ನನ್ನ ಮುಖ ನೋಡಲಿಲ್ಲ. ಲೆಕ್ಕದ ಪುಸ್ತಕದ ಮುಂದೆ ರಬ್ಬರ್ ಹಿಡಿದು ನಡುಗುವ ಮಗು ಇದೇನಾ ಎಂದು ನಾನು ನೋಡುತ್ತಾ ನಿಂತೆ.

ಮೊದಲು ನಾನು ಮಾಡಿದ್ದು

ಅತ್ತೆಯವರು ಕಸೂತಿ ಬಲ್ಲವರು. ಅವರ ಮದುವೆಯ ಚಂದ್ರಕಾಳಿ ಸೀರೆ ಈಗಲೂ ಟ್ರಂಕಿನಲ್ಲಿದೆ. ಕಪ್ಪು ನೆಲದ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕಬೇಕು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಮನೆ, ಅಂದರೆ ನೇಯ್ಗೆಯ ಒಂದು ಚೌಕ, ಬಿಟ್ಟು ಒಂದು ಮನೆ ತುಂಬುತ್ತಾ ಹೋಗಿ, ಹೋದ ದಾರಿಯಲ್ಲೇ ಹಿಂತಿರುಗುತ್ತಾ ಬಿಟ್ಟ ಮನೆಗಳನ್ನು ತುಂಬಬೇಕು. ಸರಿಯಾಗಿ ಹೊಲಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ಹೀಗಾಗಿ ಅತ್ತೆಯವರ ಪರೀಕ್ಷೆ ಒಂದೇ: "ಹಿಂದಿನದು ತೋರಿಸು."

ಎಣಿಕೆಯೇ ಉಸಿರಾಗಿರುವ ಕೆಲಸ ಮನೆಯಲ್ಲೇ ಇರುವಾಗ ಲೆಕ್ಕಕ್ಕೆ ಬೇರೆ ಸಾಧನ ಏಕೆ ಎಂದುಕೊಂಡೆ. ಮ್ಯಾಟಿ ಬಟ್ಟೆ ತಂದೆವು. ಅದರ ನೇಯ್ಗೆಯಲ್ಲಿ ಚೌಕಗಳು ಎದ್ದು ಕಾಣುತ್ತವೆ; ಚೌಕಾಬಾರ ಆಡುವ ಮಕ್ಕಳಿಗೆ ಅವು 'ಮನೆ'ಗಳೇ. ಮೊಂಡು ತುದಿಯ ಸೂಜಿ, ಕೆಂಪು ನೂಲಿನ ಒಂದು ಲಡಿ. ಆರು ಎಳೆಯಲ್ಲಿ ಎರಡನ್ನು ಬಿಡಿಸಿಕೊಳ್ಳುವುದನ್ನೇ ಅವಳು ಅರ್ಧ ದಿನ ಕಲಿತಳು. ಮೊದಲ ವಾರ ಅವಳು ಬಟ್ಟೆಯಿಂದ ತಲೆಯೆತ್ತಲಿಲ್ಲ.

ಎರಡನೇ ವಾರ ನಾನು ಅದನ್ನು ಪಾಠ ಮಾಡಿದೆ. ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಪಕ್ಕಕ್ಕಿಟ್ಟೆ: ಈ ಸಾಲಿನಲ್ಲಿ ಎಷ್ಟು ಹೊಲಿಗೆ? ಮೂರು ಸಾಲಿಗೆ ಎಷ್ಟು? ನಾಲ್ಕು ಕಿತ್ತರೆ ಉಳಿದದ್ದೆಷ್ಟು? ಅವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಹೋದಳು. ಐದು ದಿನ ಮುಟ್ಟಲಿಲ್ಲ.

ಅತ್ತೆಯವರು ಆ ದಿನ ಏನೂ ಅನ್ನಲಿಲ್ಲ. ಆರನೇ ದಿನ ಸೊಪ್ಪು ಸೋಸುತ್ತಾ ಹೇಳಿದರು: "ಹುಡುಗಿ ತೇರು ಎಳೆಯಲು ಹೊರಟಿದ್ದಳು. ನೀನು ದಾರಿಯಲ್ಲಿ ನಿಲ್ಲಿಸಿ ಸುಂಕ ಕೇಳಿದೆ."

ಅವರು ಹೇಳಿದ್ದರಲ್ಲಿ ಒಂದಿಷ್ಟೂ ಹೆಚ್ಚಿರಲಿಲ್ಲ. ಕೈಗೆಲಸವನ್ನು ಲೆಕ್ಕಕ್ಕೆ ಬೆಲ್ಲ ಸವರುವ ಉಪಾಯವಾಗಿ ನಾನು ಬಳಸಿದ್ದೆ. ಮಕ್ಕಳು ಬೆಲ್ಲದ ಒಳಗಿನ ಮಾತ್ರೆಯನ್ನು ನಾಲಿಗೆಯ ತುದಿಯಲ್ಲೇ ಗುರುತಿಸುತ್ತಾರೆ. ಹಾಳೆಯನ್ನು ತೆಗೆದೆ. ಕಸೂತಿಯ ಹೊತ್ತಿನಲ್ಲಿ ಲೆಕ್ಕದ ಒಂದು ಪ್ರಶ್ನೆಯನ್ನೂ ಕೇಳಬಾರದು ಎಂದು ನನಗೆ ನಾನೇ ಗೆರೆ ಹಾಕಿಕೊಂಡೆ. ಹೊಲಿಗೆಯ ಮಾತು ಏನಿದ್ದರೂ ಆಯಿಯ, ಅಂದರೆ ಅವಳ ಅಜ್ಜಿಯ, ಹತ್ತಿರ.

ಗೋಪುರ

ಅವಳು ಮೊದಲು ಮುಗಿಸಿದ್ದು ಮೆಂತೆ ಹೊಲಿಗೆಯ ಒಂದು ಪುಟ್ಟ ಗೋಪುರವನ್ನು. ಕೆಳಗಿನ ಸಾಲಿನಲ್ಲಿ ಒಂಬತ್ತು ಮೆಂತೆ, ಮೇಲೆ ಏಳು, ಐದು, ಮೂರು, ತುದಿಯಲ್ಲಿ ಒಂದು. ಮುಗಿದ ದಿನ ತಾನೇ ಎಣಿಸಿದಳು. "ಇಪ್ಪತ್ತೈದು, ಆಯಿ." ಆಯಿ "ಹೌದು" ಎಂದಷ್ಟೇ ಹೇಳಿ ಸುಮ್ಮನಾದರು. ಎರಡು ದಿನದ ಮೇಲೆ ಪಡಸಾಲೆಯಲ್ಲಿ ಸಣ್ಣವಳು ಹುಣಸೆ ಬೀಜ ಸಾಲಾಗಿ ಇಡುತ್ತಿದ್ದಳು. ದೊಡ್ಡವಳು ಅವನ್ನೇ ಗೋಪುರ ಮಾಡಿ, ಎರಡೂ ಬದಿಯ ಮೂಲೆಗಳಿಂದ ಬೀಜ ಸರಿಸುತ್ತಾ ಸರಿಸುತ್ತಾ ಐದೈದರ ಐದು ಸಾಲು ಮಾಡಿಬಿಟ್ಟಳು. "ಅವ್ವಾ, ಗೋಪುರ ಮಡಚಿದರೆ ಚೌಕ ಆಗುತ್ತದೆ!" ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಹನ್ನೊಂದು ಬೇಕು, ಆಗ ಆರಾರರ ಚೌಕ, 36. ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಸಿಗುತ್ತದೆ ಎಂಬುದನ್ನು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಗೋಪುರವೊಂದು ಮಡಚಿಕೊಳ್ಳುವ ಬಗೆ ಎಂದು ನನಗೆ ಯಾರೂ ತೋರಿಸಿರಲಿಲ್ಲ. ಅಂದು ನನಗೆ ಗಂಟಲು ಕಟ್ಟಿತು. ಏನನ್ನೂ ಹೇಳದೆ ಒಳಗೆ ಹೋದೆ, ಹೇಳಿದ್ದರೆ ಅದು ಪಾಠವಾಗುತ್ತಿತ್ತು.

ತೇರು

ಆಗಸ್ಟ್ ತಿಂಗಳಲ್ಲಿ ಅವಳು ತೇರಿಗೆ ಕೈಹಾಕಿದಳು. ಅಪ್ಪನ ಪುಸ್ತಕಕ್ಕೆ ಗುರುತುಪಟ್ಟಿ. ಪಟ್ಟಿಯ ಅಗಲ 42 ಮನೆ, ಆಯಿ ಹೇಳಿಕೊಟ್ಟ ತೇರಿನ ಅಗಲ 17 ಮನೆ, ಗವಂತಿಯಲ್ಲಿ. ತೇರು ಸರಿಯಾಗಿ ನಡುವೆ ನಿಲ್ಲಬೇಕು ಎಂಬುದು ಅವಳದೇ ಹಟ.

ಎಲ್ಲಿಂದ ಶುರುಮಾಡಬೇಕು ಎಂದು ಅವಳು ಬಾಯಲ್ಲೇ ಲೆಕ್ಕ ಹಾಕಿದ್ದು ನನ್ನ ಕಿವಿಗೆ ಬಿತ್ತು. 42ರಲ್ಲಿ 17 ಹೋದರೆ 35. ಇತ್ತ ಹದಿನೇಳು, ಅತ್ತ ಹದಿನೇಳು, ಒಂದು ಎಲ್ಲಾದರೂ ಇರಲಿ. ಅದೇ ತಪ್ಪು, ಅವೇ ಅಂಕಿಗಳು. ಹೇಳಲೇ ಎಂದು ಬಾಯಿಯವರೆಗೆ ಬಂತು. ಹಿಟ್ಟು ನಾದುವುದನ್ನು ಮುಂದುವರಿಸಿದೆ. ಈ ಎಂಟು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ ಇರಬೇಕು.

ಎಡದಿಂದ ಹದಿನೇಳು ಮನೆ ಬಿಟ್ಟು ಗಾಲಿಯಿಂದ ಹೊರಟಳು. ಕಂಬ ಹತ್ತಿ, ಕಳಸ ಮುಟ್ಟಿ, ಬಲಕ್ಕೆ ಇಳಿದಳು. ಎರಡು ಸಂಜೆಯ ಕೆಲಸ. ಬಲಗಡೆಯ ಗಾಲಿಗೆ ಬಂದಾಗ ಸೂಜಿ ನಿಂತಿತು. ಆ ಕಡೆ ಉಳಿದದ್ದು ಎಂಟೇ ಮನೆ. ತೇರು ರಸ್ತೆಯ ಅಂಚಿಗೆ ಸರಿದು ನಿಂತಿತ್ತು.

ಅಭ್ಯಾಸಬಲದಿಂದ ಅವಳು ನನ್ನತ್ತ ನೋಡಿದಳು. ನಾನು ಹಂಚಿನ ಕಡೆ ತಿರುಗಿದ್ದೆ. ಮತ್ತೆ ಬಟ್ಟೆ ನೋಡಿದಳು. ಎಡಗೈಯ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಮನೆ ಒತ್ತುತ್ತಾ ಎಣಿಸಿದಳು: ಹದಿನೇಳು, ಹದಿನೇಳು, ಎಂಟು. ಮತ್ತೆ ಮೊದಲಿನಿಂದ. ಬಹಳ ಹೊತ್ತಿನ ಮೇಲೆ, ಯಾರಿಗೂ ಅಲ್ಲದಂತೆ, "ಉಳಿಯುವುದು ಮೂವತ್ತೈದು ಅಲ್ಲ. ಇಪ್ಪತ್ತೈದು" ಎಂದಳು. ಈ ಸಲ ಆ 25ನ್ನು ಅವಳು ಅಳಿಸಲಿಲ್ಲ. ಅಳಿಸಲು ಬರುವಂತಿರಲಿಲ್ಲ, ಮನೆಗಳು ಕಣ್ಣೆದುರಿಗಿದ್ದವು.

ಬಿಚ್ಚುವಾಗ ಅತ್ತಳು. ಆಯಿ ಪಕ್ಕದಲ್ಲಿ ಕುಳಿತರು, ಬಿಚ್ಚಿಕೊಡಲಿಲ್ಲ. ಬಿಚ್ಚಿದ ನೂಲು ಜುಂಗಾಗಿ ಮತ್ತೆ ಹೊಲಿಯಲು ಬಾರದಂತಾಯಿತು. ಸಣ್ಣವಳು ಆ ಕೆಂಪು ತುಂಡುಗಳನ್ನೆಲ್ಲ ಆಯ್ದುಕೊಂಡು ಹೋಗಿ ಕಿಟಕಿಯಲ್ಲಿದ್ದ ಮಣ್ಣೆತ್ತುಗಳ ಕೊರಳಿಗೆ ಗೊಂಡೆ ಕಟ್ಟಿದಳು.

ಆದರೆ ತೇರು ಇನ್ನೂ ನಿಂತಿರಲಿಲ್ಲ. 25ನ್ನು ಎರಡು ಪಾಲು ಮಾಡಿದರೆ ಒಂದು ಕಡೆ 12, ಇನ್ನೊಂದು ಕಡೆ 13. ಅವಳು ಪಟ್ಟಿಯನ್ನು ಮಡಚಿ ನಡು ಹುಡುಕಿದಳು. ಮಡಿಕೆ ಬಿದ್ದದ್ದು ಇಪ್ಪತ್ತೊಂದು ಮತ್ತು ಇಪ್ಪತ್ತೆರಡನೇ ಮನೆಗಳ ನಡುವಿನ ಗೆರೆಯ ಮೇಲೆ. ತೇರಿನ ಕಳಸವಿರುವುದು ಒಂಬತ್ತನೇ ಮನೆಯಲ್ಲಿ. "ತೇರಿಗೆ ನಡುಮನೆ ಇದೆ, ಬಟ್ಟೆಗೆ ನಡುಮನೆಯೇ ಇಲ್ಲ" ಎಂದಳು. ಸಮ ಬೆಸಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಬೇರೆ ತೇರು ಹೊಲಿಯೋಣ ಎಂದು ನಾನು ಹೇಳುತ್ತಿದ್ದೆನೇನೋ. ಅತ್ತೆಯವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಅಂಚಿನ ಎಳೆಯನ್ನು ಸೂಜಿಯ ತುದಿಯಿಂದ ಎಬ್ಬಿಸಿ, ಮೆಲ್ಲಗೆ ಎಳೆದರು. ಬಟ್ಟೆ ಸುರುಳಿ ಸುತ್ತಿಕೊಂಡಿತು, ಎಳೆ ಉದ್ದಕ್ಕೂ ಜಾರಿ ಕೈಗೆ ಬಂತು. ಹೀಗೆ ಒಂದು ಮನೆಯ ಎಳೆಗಳಷ್ಟನ್ನೂ ತೆಗೆದು, ಬಟ್ಟೆಯನ್ನು ತೊಡೆಯ ಮೇಲೆ ತೀಡಿ ಮೊಮ್ಮಗಳಿಗೆ ಕೊಟ್ಟರು. ಅವಳು ಎಣಿಸಿದಳು. 41. ಅತ್ತ ಹನ್ನೆರಡು, ಇತ್ತ ಹನ್ನೆರಡು. ಬಟ್ಟೆಯನ್ನೂ ಬದಲಿಸಬಹುದು ಎಂಬುದು ಅವಳಿಗೂ ನನಗೂ ಹೊಸದು. ಅಂಚಿನಲ್ಲಿ ಉಳಿದ ಕುಚ್ಚು ಅಂದವಾಗಿಯೇ ಕಾಣುತ್ತಿತ್ತು.

ಆಮೇಲೆ

ಒಂದು ವಾರ ಬಿಟ್ಟು ಅವಳೇ ಲೆಕ್ಕದ ಪುಸ್ತಕ ತಂದು ಜೂನ್ ತಿಂಗಳ ಆ ಪುಟ ತೆರೆದಳು. ಅಳಿಸಿ ಅಳಿಸಿ ಕಾಗದ ಹರಿದ ಜಾಗದ ಪಕ್ಕದಲ್ಲಿ ಬರೆದಳು: ಹದಿನೇಳಕ್ಕೆ ಮೂರು ಕೊಟ್ಟರೆ ಇಪ್ಪತ್ತು, ಇಪ್ಪತ್ತು ಕೊಟ್ಟರೆ ನಲವತ್ತು, ಎರಡು ಕೊಟ್ಟರೆ ನಲವತ್ತೆರಡು. ಮೂರು, ಇಪ್ಪತ್ತು, ಎರಡು. ಇದು ಅಂಗಡಿಯವರು ಚಿಲ್ಲರೆ ಕೊಡುವ ಲೆಕ್ಕ. ಹತ್ತರ ಮನೆಯಿಂದ ಸಾಲ ತರುವ ಕ್ರಮವನ್ನು ಅವಳಿಗೆ ಕಲಿಸಿದ್ದು ಇದಾದ ಮೇಲೆ, ನವೆಂಬರ್‌ನಲ್ಲಿ. ಎರಡೇ ದಿನದಲ್ಲಿ ಬಂತು. ಈಗಲೂ ತಪ್ಪುತ್ತಾಳೆ. ತಪ್ಪಿದಾಗ ನನ್ನ ಮುಖ ನೋಡುವುದು ಕಡಿಮೆಯಾಗಿದೆ, ಉಗುರಿನಿಂದ ಎಣಿಸುವುದು ಹೆಚ್ಚಾಗಿದೆ.

ಕಸೂತಿ ಎಲ್ಲವನ್ನೂ ಸರಿಮಾಡಲಿಲ್ಲ. ಮಗ್ಗಿಗೆ ಅದರಿಂದ ಏನೂ ಉಪಕಾರವಾಗಲಿಲ್ಲ, ಬಾಯಿಪಾಠವೇ ಬೇಕಾಯಿತು. ಒತ್ತಕ್ಷರಗಳಲ್ಲಿ ಅವಳು ಇನ್ನೂ ಎಡವುತ್ತಾಳೆ, ಇಂಗ್ಲಿಷ್ ಓದು ಹಿಂದಿದೆ. ನಾನು ಕೆಲಸಕ್ಕೆ ಹೋಗದೆ ಮನೆಯಲ್ಲಿರಲು ಸಾಧ್ಯವಾದದ್ದರಿಂದ, ಕಲಿಸುವ ಅಜ್ಜಿ ಮನೆಯಲ್ಲೇ ಇದ್ದದ್ದರಿಂದ ಇದು ನಡೆಯಿತು. ಇಬ್ಬರೂ ದುಡಿಯಲು ಹೋಗುವ ಮನೆಗೆ ಶಾಲೆ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿಯೇ ಕೈಗೆ ಕೆಲಸ ಕೊಟ್ಟು ಕಲಿಸುವ ಒಳ್ಳೆಯ ಪ್ರಯತ್ನಗಳು ನಡೆದಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ ಕಲಿ ನಮ್ಮ ನಾಡಿನದೇ.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ದೀಪಾವಳಿಗೆ ಬಂದ ಹತ್ತಿರದ ನೆಂಟರೊಬ್ಬರು ಕೇಳಿದರು: "ಹೆಣ್ಣುಮಗುವಿಗೆ ಶಾಲೆ ಬಿಡಿಸಿ ಕೈಗೆ ಸೂಜಿ ಕೊಟ್ಟಿರಾ?" ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ಅತ್ತೆಯವರು ಎದ್ದು ಒಳಗೆ ಹೋದರು. ನಾಲ್ಕನೇ ತರಗತಿ ಮುಗಿದ ಮೇಲೆ ಅವರ ಕೈಗೆ ಸೂಜಿ ಬಂದಿತ್ತು, ಶಾಲೆಯ ಚೀಲ ತಮ್ಮನ ಹೆಗಲಿಗೆ ಹೋಗಿತ್ತು. ಆ ಟ್ರಂಕಿನ ಸೀರೆಯ ಹಿಂದೆ ಅದೂ ಇದೆ. ಆ ಪ್ರಶ್ನೆ ನ್ಯಾಯವಾದದ್ದು, ಅದನ್ನು ನಾನು ಪ್ರತಿದಿನ ಕೇಳಿಕೊಳ್ಳುತ್ತೇನೆ. ಅತ್ತೆಯವರೂ ಕೇಳುತ್ತಾರೆ, ತಮ್ಮದೇ ರೀತಿಯಲ್ಲಿ: ಮಧ್ಯಾಹ್ನ ಕಸೂತಿ ಚೀಲ ಬಿಚ್ಚುವ ಮೊದಲು "ಇವತ್ತು ಏನು ಓದಿದೆ, ತಂಗಿ?" ಎನ್ನುತ್ತಾರೆ. ಉತ್ತರ ಸಮಾಧಾನವಾಗದಿದ್ದರೆ ಚೀಲ ಬಿಚ್ಚುವುದಿಲ್ಲ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿಯಲ್ಲಿ ಕಸುಬು ಪಾಠದ ಪಕ್ಕದ ಮನರಂಜನೆಯಾಗಿರಲಿಲ್ಲ, ಪಾಠವೇ ಅದರ ಮೂಲಕ ನಡೆಯಬೇಕಿತ್ತು. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹುಟ್ಟಬೇಕು ಎಂಬ ಅದರ ಇನ್ನೊಂದು ಅಂಶಕ್ಕೆ ಆಗಲೇ ಆಕ್ಷೇಪ ಬಂದಿತ್ತು; ಆ ಆಕ್ಷೇಪದ ಪರ ನಾನೂ ಇದ್ದೇನೆ. ಮಗಳ ತೇರನ್ನು ಮಾರಿಕೊಡಿ ಎಂದು ಕೇಳಿದವರಿಗೆ ಇಲ್ಲ ಎಂದೆ. ಆದರೆ ಮೊದಲನೆಯ ಮಾತು ನನಗೆ ಆ ಪಟ್ಟಿಯ ಮೇಲೆ ಅರ್ಥವಾಯಿತು. ತಪ್ಪನ್ನು ಬಟ್ಟೆ ತೋರಿಸಿದರೆ ಮಗು ಬಟ್ಟೆಯ ಜೊತೆ ವಾದಕ್ಕಿಳಿಯುತ್ತದೆ. ತಾಯಿ ತೋರಿಸಿದರೆ ತಾಯಿಯನ್ನು ಮೆಚ್ಚಿಸಲು ಹೊರಡುತ್ತದೆ. ಕೈಗೆಲಸ ಅದರ ಪೂರ್ತಿ ಕಟ್ಟುನಿಟ್ಟಿನೊಂದಿಗೆ ನಡೆದಾಗ ಮಾತ್ರ ಬಟ್ಟೆಗೆ ಆ ಅಧಿಕಾರ ಬರುತ್ತದೆ. ಹೇಗಾದರೂ ಅಂಟಿಸಿ, ಹೇಗಾದರೂ ಬಣ್ಣ ಬಳಿದು "ಆಹಾ ಎಷ್ಟು ಚಂದ" ಎನ್ನಿಸಿಕೊಳ್ಳುವ ಕೆಲಸಕ್ಕೆ ಅದಿಲ್ಲ.

ಜನವರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯ ಬಗ್ಗೆ ಮಾತು ಬಂತು. ಧ್ವಜದ ಅಶೋಕ ಚಕ್ರಕ್ಕೆ 24 ಅರೆಗಳು, ಬಟ್ಟೆಯ ಎರಡೂ ಮಗ್ಗುಲಿನಲ್ಲಿ ಚಕ್ರ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು ಎಂದು ಅವರಪ್ಪ ಹೇಳಿದರು. "ಅವರಿಗೂ ಯಾರೋ ಹಿಂದಿನದು ತೋರಿಸು ಅನ್ನುತ್ತಾರೆ" ಎಂದಳು ದೊಡ್ಡವಳು.

ಸಣ್ಣವಳ ವಿಷಯ ಇಷ್ಟು: ಸೂಜಿ ತನಗೂ ಬೇಕು ಎಂದು ಅವಳು ರಂಪ ಮಾಡಿದ್ದಕ್ಕೆ ಹಳೆಯ ಲಗ್ನಪತ್ರಿಕೆಗಳಿಗೆ ದಬ್ಬಣದಿಂದ ಸಾಲಾಗಿ ತೂತು ಹಾಕಿ, ಉಣ್ಣೆ ದಾರದ ತುದಿಯನ್ನು ಮೇಣದಬತ್ತಿಯ ಮೇಣದಲ್ಲಿ ಗಟ್ಟಿಮಾಡಿ ಕೊಟ್ಟೆ. ಸೂಜಿಯೇ ಇಲ್ಲದ ಹೊಲಿಗೆ. ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಒಂದು ಪತ್ರಿಕೆ ಮುಗಿಸಿ ಆಯಿಯ ಹತ್ತಿರ ಓಡಿದಳು. ಆಯಿ ಬಾಯಿ ತೆರೆಯುವ ಮೊದಲೇ ತಾನೇ ಅದನ್ನು ತಿರುಗಿಸಿ ನೋಡಿದಳು. ಹಿಂದುಗಡೆ ಎರಡು ತೂತು ಬಿಟ್ಟುಹೋಗಿದ್ದವು. ತೋರಿಸದೆ ಹಿಂತಿರುಗಿ ಬಂದು, ಅಕ್ಕನ ಪಕ್ಕದಲ್ಲಿ ಕುಳಿತು, ದಾರವನ್ನು ತುದಿಯಿಂದ ಎಳೆಯತೊಡಗಿದಳು.